ಮೌಂಟನ್ ಬೈಕ್‌ಗಳ ಬಾಟಮ್ ಬ್ರಾಕೆಟ್: ಬಾಳಿಕೆ, ಕಾರ್ಯಕ್ಷಮತೆ ಮತ್ತು ಗ್ರಾಹಕರ ಹಕ್ಕುಗಳು – ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಬೈಸಿಕಲ್ ಬಳಕೆದಾರರಿಗೆ ಮಾಹಿತಿ

1. ಪೀಠಿಕೆ

ಹಾರೋಹಳ್ಳಿ ಕೈಗಾರಿಕಾ ಪ್ರದೇಶವು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಅಭಿವೃದ್ಧಿಪಡಿಸಿದ ಪ್ರದೇಶವಾಗಿದ್ದು, ಬೆಂಗಳೂರು–ಕನಕಪುರ ಹೆದ್ದಾರಿಗೆ ಹೊಂದಿಕೊಂಡಿದೆ. 2007ರ ಆಗಸ್ಟ್ 23ರಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ವಿಭಜಿಸಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳನ್ನೊಳಗೊಂಡ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. ಹಾರೋಹಳ್ಳಿಯು ತದನಂತರ ಪ್ರತ್ಯೇಕ ತಾಲ್ಲೂಕಾಯಿತು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಲು ರಾಜ್ಯ ಸಚಿವ ಸಂಪುಟವು ತೀರ್ಮಾನಿಸಿತು.

ಈ ಭಾಗದಲ್ಲಿ ಬೈಸಿಕಲ್ ಎರಡು ಬಗೆಯ ಜನರಿಗೆ ಅಗತ್ಯದ ವಾಹನವಾಗಿದೆ. ಸುತ್ತಲಿನ ಗ್ರಾಮಗಳಿಂದ ಪಾಳಿಯ ಕೆಲಸಕ್ಕೆ ಹಾಗೂ ಶಾಲೆಗೆ ಹೋಗುವವರು ಮೊದಲ ವರ್ಗದವರು. ಸಾವನದುರ್ಗ, ರಾಮದೇವರ ಬೆಟ್ಟ ಮುಂತಾದ ಬೆಟ್ಟಗಳ ತಪ್ಪಲಿನ ಮಣ್ಣುದಾರಿಗಳಲ್ಲಿ ಹವ್ಯಾಸಕ್ಕಾಗಿ ಸವಾರಿ ಮಾಡುವವರು ಎರಡನೆಯ ವರ್ಗದವರು. ಅಗಲ ಟೈರುಗಳುಳ್ಳ ಮೌಂಟನ್ ಬೈಕ್ ಅಥವಾ ಎಂ.ಟಿ.ಬಿ. ಮಾದರಿಯ ಸೈಕಲ್‌ಗಳನ್ನು ಈಗ ಎರಡೂ ವರ್ಗದವರು ಬಳಸುತ್ತಿದ್ದಾರೆ. ಇಂತಹ ಸೈಕಲ್‌ಗಳಲ್ಲಿ ಕಣ್ಣಿಗೆ ಕಾಣದಂತೆ ಸವೆದು, ಮುನ್ಸೂಚನೆಯನ್ನು ಗಮನಿಸದಿದ್ದಲ್ಲಿ ದಾರಿಯ ಮಧ್ಯದಲ್ಲಿ ಸವಾರಿಯನ್ನೇ ನಿಲ್ಲಿಸುವ ಭಾಗವೆಂದರೆ ಬಾಟಮ್ ಬ್ರಾಕೆಟ್. ಪಾಳಿಗೆ ತಡವಾದ ಕಾರ್ಮಿಕರಿಗೆ ಇದು ಒಂದು ದಿನದ ಕೂಲಿಯ ಪ್ರಶ್ನೆಯೂ ಹೌದು.

ಸದರಿ ಭಾಗದ ರಚನೆ, ವಿಧಗಳು, ಈ ಪ್ರದೇಶದಲ್ಲಿ ಅದು ಬೇಗ ಸವೆಯಲು ಕಾರಣಗಳು, ಖರೀದಿ ಹಾಗೂ ನಿರ್ವಹಣೆಯಲ್ಲಿ ವಹಿಸಬೇಕಾದ ಎಚ್ಚರ ಮತ್ತು ದೋಷಪೂರಿತ ಭಾಗ ಮಾರಾಟವಾದಲ್ಲಿ ಗ್ರಾಹಕರು ಪಡೆಯಬಹುದಾದ ಪರಿಹಾರದ ಬಗ್ಗೆ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ. ಇದರ ಒಟ್ಟು ಸಾರಾಂಶ ಹೀಗಿದೆ: ಈ ನೆಲದಲ್ಲಿ ಬಾಟಮ್ ಬ್ರಾಕೆಟ್‌ನ ಬಾಳಿಕೆಯನ್ನು ನಿರ್ಧರಿಸುವುದು ಅದರ ಬೆಲೆಯಾಗಲೀ ಅದು ಹೊರುವ ಭಾರವಾಗಲೀ ಅಲ್ಲ; ಅದರೊಳಗೆ ಧೂಳು ಮತ್ತು ನೀರು ಸೇರದಂತೆ ತಡೆಯುವ ವ್ಯವಸ್ಥೆಯೇ ಬಾಳಿಕೆಯನ್ನು ನಿರ್ಧರಿಸುತ್ತದೆ.

2. ಬಾಟಮ್ ಬ್ರಾಕೆಟ್ ಎಂದರೇನು?

ಸೈಕಲ್ಲಿನ ಎರಡೂ ಪೆಡಲ್‌ಗಳ ಕ್ರ್ಯಾಂಕ್‌ಗಳನ್ನು ಜೋಡಿಸುವ ಅಡ್ಡ ದಂಡವನ್ನು ಆಕ್ಸಲ್ ಎನ್ನುತ್ತಾರೆ. ಈ ಆಕ್ಸಲ್ ಚೌಕಟ್ಟಿನ ತಳಭಾಗದಲ್ಲಿರುವ ಗುಂಡನೆಯ ಕೊಳವೆಯೊಳಗೆ ತಿರುಗುತ್ತದೆ. ಆ ಕೊಳವೆಗೆ ಶೆಲ್ ಎಂದು ಹೆಸರು. ಶೆಲ್ಲಿನ ಎರಡೂ ಬದಿಯಲ್ಲಿ ಕೂರಿಸುವ ಕಪ್‌ಗಳು, ಅವುಗಳೊಳಗಿನ ಉಕ್ಕಿನ ಗುಂಡುಗಳು ಅಥವಾ ಬೇರಿಂಗ್‌ಗಳು, ಸೀಲ್‌ಗಳು ಮತ್ತು ಆಕ್ಸಲ್ ಇವೆಲ್ಲವನ್ನೂ ಒಟ್ಟಾಗಿ ಬಾಟಮ್ ಬ್ರಾಕೆಟ್ ಎನ್ನಲಾಗುತ್ತದೆ. ಸೈಕಲ್ ಅಂಗಡಿಗಳಲ್ಲಿ ಇದನ್ನು ಸಂಕ್ಷಿಪ್ತವಾಗಿ ಬಿ.ಬಿ. ಎಂದು, ದಂಡವನ್ನು ಬಿ.ಬಿ. ಆಕ್ಸಲ್ ಎಂದು, ಬಟ್ಟಲುಗಳನ್ನು ಬಿ.ಬಿ. ಕಪ್ ಎಂದು ಕರೆಯುವುದು ರೂಢಿ.

ಸವಾರರು ಪೆಡಲ್ ಮೇಲೆ ಹಾಕುವ ಬಲವೆಲ್ಲವೂ ಈ ಭಾಗದ ಮೂಲಕವೇ ಚೈನಿಗೆ ಸಾಗುತ್ತದೆ. ಉದಾಹರಣೆಗೆ, 70 ಕಿಲೋಗ್ರಾಂ ತೂಕದ ವ್ಯಕ್ತಿಯು ಏರುದಾರಿಯಲ್ಲಿ ಒಂದೇ ಪೆಡಲ್ ಮೇಲೆ ಎದ್ದು ನಿಂತಾಗ ಸುಮಾರು 700 ನ್ಯೂಟನ್ ಬಲ ಬೀಳುತ್ತದೆ. ಕ್ರ್ಯಾಂಕ್‌ನ ಉದ್ದ 170 ಮಿ.ಮೀ. ಹಾಗೂ ಮುಂದಿನ ಚೈನ್ ವೀಲ್ 32 ಹಲ್ಲಿನದಾಗಿದ್ದಲ್ಲಿ ಅದರ ತ್ರಿಜ್ಯ ಸುಮಾರು 65 ಮಿ.ಮೀ. ಆಗುತ್ತದೆ. ಸನ್ನೆಯ ನಿಯಮದಂತೆ ಆಗ ಚೈನಿನ ಎಳೆತವು ಸುಮಾರು 1,830 ನ್ಯೂಟನ್, ಅಂದರೆ ಸುಮಾರು 185 ಕಿಲೋಗ್ರಾಂ ತೂಕಕ್ಕೆ ಸಮನಾಗುತ್ತದೆ. ಚೈನ್ ವೀಲ್ ಬಲಬದಿಯಲ್ಲಿರುವುದರಿಂದ ಈ ಎಳೆತದ ಹೆಚ್ಚಿನ ಪಾಲನ್ನು ಬಲಬದಿಯ ಬೇರಿಂಗ್ ಹೊರಬೇಕಾಗುತ್ತದೆ. ಮುಂದಿನ ಚೈನ್ ವೀಲ್ ಚಿಕ್ಕದಾದಷ್ಟೂ ಅದೇ ಪೆಡಲ್ ಬಲಕ್ಕೆ ಚೈನಿನ ಎಳೆತ ಹೆಚ್ಚುತ್ತದೆ. ಏರುದಾರಿಗೆಂದು ಚಿಕ್ಕ ಚೈನ್ ವೀಲ್ ಹೊಂದಿರುವ ಮೌಂಟನ್ ಬೈಕ್‌ಗಳಲ್ಲಿ ಈ ಭಾಗವು ಹೆಚ್ಚು ದುಡಿಯಲು ಇದೇ ಕಾರಣ.

3. ಬಾಟಮ್ ಬ್ರಾಕೆಟ್‌ನ ವಿಧಗಳು

ಬಳಕೆಯಲ್ಲಿರುವ ಮುಖ್ಯ ವಿಧಗಳು ಈ ಕೆಳಕಂಡಂತಿವೆ.

(ಅ) ಬಿಡಿ ಗುಂಡುಗಳ ಕಪ್ ಮತ್ತು ಕೋನ್ ವಿಧ: ಇದು ಅತ್ಯಂತ ಹಳೆಯ ಹಾಗೂ ಅತ್ಯಂತ ಸರಳ ವಿಧ. ಸಾಮಾನ್ಯವಾಗಿ ಪ್ರತಿ ಬದಿಯಲ್ಲಿ ಕಾಲು ಅಂಗುಲ, ಅಂದರೆ 6.35 ಮಿ.ಮೀ. ವ್ಯಾಸದ 11 ಬಿಡಿ ಗುಂಡುಗಳು ಗ್ರೀಸ್‌ನಲ್ಲಿ ಕೂತಿರುತ್ತವೆ. ಹಳೆಯ ಕಪ್ಪು ಸೈಕಲ್‌ಗಳಲ್ಲಿ ಕ್ರ್ಯಾಂಕನ್ನು ಕಾಟರ್ ಪಿನ್‌ನಿಂದ ಬಿಗಿಯಲಾಗುತ್ತದೆ. ರಾಜ್ಯದಲ್ಲಿ 2006-07ನೇ ಸಾಲಿನಲ್ಲಿ ಆರಂಭಗೊಂಡು, ಕೋವಿಡ್ ಸಂದರ್ಭದಲ್ಲಿ ಸ್ಥಗಿತಗೊಂಡ, 8ನೇ ತರಗತಿಯ ವಿದ್ಯಾರ್ಥಿಗಳಿಗೆ ಉಚಿತ ಬೈಸಿಕಲ್ ವಿತರಣೆ ಯೋಜನೆಯಿಂದ ಗ್ರಾಮೀಣ ಮನೆಗಳಿಗೆ ಬಂದ ಸೈಕಲ್‌ಗಳನ್ನು ಇಂದಿಗೂ ಬಳಸುವ ಕುಟುಂಬಗಳು ಹೆಚ್ಚಾಗಿ ಈ ಸರಳ ರಚನೆಯನ್ನೇ ಬಲ್ಲವು. ಇದರಲ್ಲಿ ಸೀಲ್ ಬಹುತೇಕ ಇರುವುದಿಲ್ಲ. ಆದರೆ ಬಿಚ್ಚಿ, ತೊಳೆದು, ಹೊಸ ಗುಂಡು ಮತ್ತು ಗ್ರೀಸ್ ಹಾಕಿ ಮತ್ತೆ ಮತ್ತೆ ಸರಿಪಡಿಸಬಹುದು.

(ಆ) ಚೌಕ ಆಕ್ಸಲ್‌ನ ಮುಚ್ಚಿದ ಕಾರ್ಟ್ರಿಜ್ ವಿಧ: ಬೇರಿಂಗ್ ಮತ್ತು ಆಕ್ಸಲ್ ಒಂದೇ ಮುಚ್ಚಿದ ಕೊಳವೆಯಲ್ಲಿರುತ್ತವೆ. ಆಕ್ಸಲ್‌ನ ತುದಿ ಚೌಕಾಕಾರವಾಗಿದ್ದು ಹೊರಗೆ ಹೋದಂತೆ ಕಿರಿದಾಗುತ್ತದೆ. ಇದನ್ನು ಬಿಚ್ಚಿ ದುರಸ್ತಿ ಮಾಡುವಂತಿಲ್ಲ. ಸವೆದಾಗ ಪೂರ್ತಿಯಾಗಿ ಬದಲಾಯಿಸಬೇಕು. ಬೆಲೆ ಕಡಿಮೆ, ಬೇರಿಂಗ್ ಶೆಲ್ಲಿನ ಒಳಗೇ ಇರುವುದರಿಂದ ಧೂಳಿನಿಂದ ಸಾಕಷ್ಟು ರಕ್ಷಣೆ ದೊರೆಯುತ್ತದೆ.

(ಇ) ಗೀರುಗಳುಳ್ಳ ದಪ್ಪ ಆಕ್ಸಲ್‌ನ ಕಾರ್ಟ್ರಿಜ್ ವಿಧ: ಆಕ್ಟಾಲಿಂಕ್ ಮತ್ತು ಐಸಿಸ್ ಎಂಬ ಮಾದರಿಗಳು ಈ ವರ್ಗಕ್ಕೆ ಸೇರುತ್ತವೆ. ಆಕ್ಸಲನ್ನು ದಪ್ಪ ಹಾಗೂ ಟೊಳ್ಳು ಮಾಡಿ ಗಟ್ಟಿತನ ಹೆಚ್ಚಿಸಲಾಯಿತು. ಆದರೆ ಶೆಲ್ಲಿನ ಅಳತೆ ಮೊದಲಿನಷ್ಟೇ ಉಳಿದುದರಿಂದ ಬೇರಿಂಗ್‌ಗೆ ಉಳಿದ ಜಾಗ ಕಿರಿದಾಯಿತು, ಗುಂಡುಗಳು ಚಿಕ್ಕದಾದವು, ಬಾಳಿಕೆ ಕುಗ್ಗಿತು. ಗಟ್ಟಿತನ ಹಾಗೂ ಬಾಳಿಕೆ ಒಂದೇ ಅಲ್ಲವೆಂಬುದಕ್ಕೆ ಇದು ಉತ್ತಮ ನಿದರ್ಶನವಾಗಿದೆ.

(ಈ) ಹೊರಬದಿಯ ಬೇರಿಂಗ್ ವಿಧ: ಮೇಲ್ಕಂಡ ಜಾಗದ ಸಮಸ್ಯೆಗೆ ಪರಿಹಾರವಾಗಿ ಬೇರಿಂಗ್‌ಗಳನ್ನು ಶೆಲ್ಲಿನ ಹೊರಗೆ ಕೂರಿಸಲಾಯಿತು. ಶಿಮಾನೋ ಕಂಪನಿಯ ಹಾಲೋಟೆಕ್ 2 ಮಾದರಿಯು 2003ರಲ್ಲಿ ಮೌಂಟನ್ ಬೈಕ್‌ಗಳಿಗೆ ಬಂದಿತು. ಇದರ ಆಕ್ಸಲ್ 24 ಮಿ.ಮೀ. ವ್ಯಾಸದ್ದಾಗಿದ್ದು ಬಲಗಡೆಯ ಕ್ರ್ಯಾಂಕ್‌ಗೆ ಕಾಯಂ ಜೋಡಣೆಯಾಗಿರುತ್ತದೆ. ಬೇರಿಂಗ್‌ಗಳು ದೊಡ್ಡವು, ಅವುಗಳ ನಡುವಿನ ಅಂತರವೂ ಹೆಚ್ಚು. ಆದರೆ ಅವು ಹೊರಗಿರುವುದರಿಂದ ಚಕ್ರಗಳು ಎರಚುವ ಕೆಸರು ನೇರವಾಗಿ ಅವುಗಳ ಮೇಲೆ ಬೀಳುತ್ತದೆ. ಅಳವಡಿಸುವುದೂ ಬದಲಾಯಿಸುವುದೂ ಸುಲಭ.

(ಉ) ಒತ್ತಿ ಕೂರಿಸುವ ವಿಧ: ಇದಕ್ಕೆ ಪ್ರೆಸ್‌ಫಿಟ್ ಎಂದು ಹೆಸರು. ಶೆಲ್ಲಿನಲ್ಲಿ ಮರೆ ಇರುವುದಿಲ್ಲ. ಕಪ್ ಅಥವಾ ಬೇರಿಂಗನ್ನು ಬಲದಿಂದ ಒತ್ತಿ ಕೂರಿಸಲಾಗುತ್ತದೆ. ಶೆಲ್ಲಿನ ರಂಧ್ರದ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಪ್ ಅಲುಗಿ ಕಿರುಗುಟ್ಟುವ ಶಬ್ದ ಬರುತ್ತದೆ. ಈ ದೂರುಗಳ ಹಿನ್ನೆಲೆಯಲ್ಲಿ ಅಗಲ ಶೆಲ್ಲಿಗೆ ಮತ್ತೆ ಮರೆಯನ್ನು ನೀಡುವ ಟಿ47 ಎಂಬ ಮಾದರಿಯು 2015ರಲ್ಲಿ ಬಳಕೆಗೆ ಬಂದಿತು.

4. ಈ ಪ್ರದೇಶದಲ್ಲಿ ಬೇಗ ಸವೆಯಲು ಕಾರಣಗಳು

4.1 ಕಲ್ಲಿನ ಧೂಳು: ರಾಮನಗರದ ಬೆಟ್ಟಗಳ ಶಿಲೆಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಕ್ಲೋಸ್‌ಪೇಟೆ ಎಂಬ ಹೆಸರೇ ಈ ಶಿಲೆಗೆ ಬಂದಿದೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಗ್ರಾನೈಟ್ ಪಟ್ಟಿಯು ಉತ್ತರ–ದಕ್ಷಿಣವಾಗಿ ಹಬ್ಬಿದೆ. ಇದರ ಮುಖ್ಯ ಖನಿಜಗಳಲ್ಲಿ ಸ್ಫಟಿಕ ಶಿಲೆ ಎಂದೂ ಬೆಣಚು ಎಂದೂ ಕರೆಯುವ ಖನಿಜವು ಒಂದು. ಖನಿಜಗಳ ಗಡಸುತನದ ಮೋಸ್ ಮಾಪಕದಲ್ಲಿ ಬೆಣಚಿನ ಸ್ಥಾನ 7. ಇದು ಗಟ್ಟಿಗೊಳಿಸಿದ ಬೇರಿಂಗ್ ಉಕ್ಕಿಗಿಂತಲೂ ಗಡಸು. ಆದ್ದರಿಂದ ಕಲ್ಲು ಸವೆದು ಉಂಟಾದ ಮಣ್ಣಿನ, ಕ್ವಾರಿಯ ಹಾಗೂ ರಸ್ತೆಬದಿಯ ಜಲ್ಲಿಪುಡಿಯ ಸಣ್ಣ ಕಣವೊಂದು ಬೇರಿಂಗ್‌ನೊಳಗೆ ಸೇರಿದಲ್ಲಿ ಉಕ್ಕು ಆ ಕಣವನ್ನು ಪುಡಿ ಮಾಡುವ ಮೊದಲೇ ಆ ಕಣವು ಉಕ್ಕನ್ನು ಗೀರುತ್ತದೆ. ಗ್ರೀಸ್‌ನೊಂದಿಗೆ ಬೆರೆತ ಇಂತಹ ಧೂಳು ಸಾಣೆ ಹಿಡಿಯುವ ಪುಡಿಯಂತೆ ಕೆಲಸ ಮಾಡುತ್ತದೆ.

4.2 ಮಳೆನೀರು: ಜೂನ್‌ನಿಂದ ನವೆಂಬರ್‌ವರೆಗೆ ನೈಋತ್ಯ ಹಾಗೂ ಈಶಾನ್ಯ ಮಾನ್ಸೂನ್ ಎರಡರಿಂದಲೂ ಈ ಭಾಗಕ್ಕೆ ಮಳೆ ಬರುತ್ತದೆ. ನೀರು ಬೇರಿಂಗ್‌ಗೆ ಎರಡು ದಾರಿಗಳಿಂದ ಸೇರುತ್ತದೆ. ಮೊದಲನೆಯದು ಹೊರಗಿನಿಂದ ಸೀಲ್ ದಾಟಿ. ಎರಡನೆಯದು ಹೆಚ್ಚಿನವರ ಗಮನಕ್ಕೆ ಬಾರದಿರುವ ದಾರಿ: ಸೀಟಿನ ಕಂಬ ಹೋಗುವ ಕೊಳವೆಯ ಬಾಯಿಯಿಂದ ನೀರು ಇಳಿದು ಶೆಲ್ಲಿನ ತಳದಲ್ಲಿ ನಿಲ್ಲುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಮಳೆಗೆ ಒಡ್ಡಿ ನಿಲ್ಲಿಸುವ ಸೈಕಲ್‌ಗಳಲ್ಲಿ ಇದು ಹೆಚ್ಚು. ಶೆಲ್ಲಿನ ಅಡಿಯಲ್ಲಿ ನೀರು ಹೊರಹೋಗುವ ಸಣ್ಣ ರಂಧ್ರವಿದ್ದಲ್ಲಿ ಅದು ಮಣ್ಣಿನಿಂದ ಕಟ್ಟಿಕೊಳ್ಳದಂತೆ ನೋಡಿಕೊಳ್ಳತಕ್ಕದ್ದು.

4.3 ಒತ್ತಡದ ನೀರಿನಿಂದ ತೊಳೆಯುವುದು: ವಾಹನ ತೊಳೆಯುವ ಕೇಂದ್ರಗಳಲ್ಲಿನ ಹೆಚ್ಚು ಒತ್ತಡದ ನೀರು ಸೀಲ್‌ನ ಅಂಚನ್ನು ಎತ್ತಿ ಒಳನುಗ್ಗಿ ಗ್ರೀಸನ್ನು ಹೊರದೂಡುತ್ತದೆ. ಸೈಕಲ್ ಹೊರಗಿನಿಂದ ಹೊಳೆಯುತ್ತಿದ್ದರೂ ಒಳಗೆ ತುಕ್ಕು ಹಿಡಿಯಲು ಆರಂಭವಾಗಿರುತ್ತದೆ.

4.4 ಅಳವಡಿಕೆಯ ದೋಷ: ಶೆಲ್ಲಿನ ಎರಡೂ ಮುಖಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದಿರುವುದು, ಮರೆಯಲ್ಲಿ ಬಣ್ಣ ಉಳಿದಿರುವುದು, ಕಪ್ ಓರೆಯಾಗಿ ಹತ್ತಿರುವುದು, ಬೇರಿಂಗ್ ಮೇಲೆ ಅತಿಯಾದ ಬಿಗಿತ ಇವುಗಳಿಂದ ಹೊಸ ಬೇರಿಂಗ್ ಕೂಡ ಕೆಲವೇ ತಿಂಗಳಲ್ಲಿ ಹಾಳಾಗುತ್ತದೆ.

5. ಬಾಳಿಕೆಯ ಲೆಕ್ಕ

ಮನೆಯಿಂದ ಕಾರ್ಖಾನೆಗೆ 10 ಕಿ.ಮೀ. ದೂರವಿರುವ ಕಾರ್ಮಿಕರು ದಿನಕ್ಕೆ 20 ಕಿ.ಮೀ. ಸಾಗುತ್ತಾರೆ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಇದಕ್ಕೆ 80 ನಿಮಿಷ ಬೇಕು. ನಿಮಿಷಕ್ಕೆ 60 ಬಾರಿ ಪೆಡಲ್ ಸುತ್ತಿದಲ್ಲಿ ದಿನಕ್ಕೆ 4,800 ಸುತ್ತು. ವರ್ಷದ 250 ಕೆಲಸದ ದಿನಗಳಲ್ಲಿ 12 ಲಕ್ಷ ಸುತ್ತು ಆಗುತ್ತದೆ. ಗುಂಡು ಬೇರಿಂಗ್‌ಗಳ ಬಾಳಿಕೆಯನ್ನು ಕೋಟ್ಯಂತರ ಸುತ್ತುಗಳಲ್ಲಿ ಅಳೆಯುವಷ್ಟು ಅವು ಸಮರ್ಥವಾಗಿರುತ್ತವೆ. ಅಂತರರಾಷ್ಟ್ರೀಯ ಮಾನಕ ಐ.ಎಸ್.ಒ. 281ರ ಮೂಲ ಸೂತ್ರದಂತೆ ಗುಂಡು ಬೇರಿಂಗ್ ಮೇಲಿನ ಭಾರವು ಅರ್ಧಕ್ಕೆ ಇಳಿದಲ್ಲಿ ಅದರ ಆಯುಷ್ಯವು 8 ಪಟ್ಟಾಗುತ್ತದೆ. ಸಾಮಾನ್ಯ ಸವಾರಿಯಲ್ಲಿ ಪೆಡಲ್ ಮೇಲಿನ ಬಲವು ಎದ್ದು ನಿಂತಾಗಿನ ಬಲದ ಒಂದು ಸಣ್ಣ ಪಾಲು ಮಾತ್ರ. ಹೀಗಾಗಿ ಕೇವಲ ಭಾರದ ಲೆಕ್ಕದಲ್ಲಿ ಉತ್ತಮ ಬೇರಿಂಗ್ ಹಲವಾರು ವರ್ಷ ಬಾಳಬೇಕು.

ಆದರೂ ಅನೇಕ ಸೈಕಲ್‌ಗಳಲ್ಲಿ ಒಂದೆರಡು ಮಳೆಗಾಲದಲ್ಲಿಯೇ ಬಾಟಮ್ ಬ್ರಾಕೆಟ್ ಬದಲಾಯಿಸಬೇಕಾಗುತ್ತದೆ. ಲೆಕ್ಕಕ್ಕೂ ಅನುಭವಕ್ಕೂ ಇರುವ ಈ ಅಂತರಕ್ಕೆ ಕಾರಣ, ಸದರಿ ಸೂತ್ರವು ಬೇರಿಂಗ್ ಶುಭ್ರವಾಗಿದೆ, ಗ್ರೀಸ್ ಸರಿಯಾಗಿದೆ ಎಂದು ಭಾವಿಸುತ್ತದೆ. ಧೂಳು ಮತ್ತು ನೀರು ಸೇರಿದ ದಿನದಿಂದ ಆ ಲೆಕ್ಕ ಅನ್ವಯಿಸುವುದಿಲ್ಲ.

ಬೈಸಿಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ ಐ.ಎಸ್.ಒ. 4210ರ 8ನೇ ಭಾಗವು ಪೆಡಲ್ ಮತ್ತು ಚಾಲನಾ ವ್ಯವಸ್ಥೆಯ ಪರೀಕ್ಷೆಗಳಿಗೆ ಸಂಬಂಧಿಸಿದೆ. ಕ್ರ್ಯಾಂಕ್ ಮತ್ತು ಆಕ್ಸಲ್ ಮೇಲೆ ಮತ್ತೆ ಮತ್ತೆ ಬಲ ಹಾಕಿದಾಗ ಅವು ಮುರಿಯುತ್ತವೆಯೇ, ಬಿರುಕು ಬಿಡುತ್ತವೆಯೇ ಎಂಬುದನ್ನು ಅಲ್ಲಿ ನೋಡಲಾಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಇದು ಅತ್ಯಗತ್ಯ. ಆದರೆ ಕೆಸರುದಾರಿಯಲ್ಲಿ ಬೇರಿಂಗ್ ಎಷ್ಟು ಕಾಲ ಉಳಿಯುತ್ತದೆ ಎಂಬುದು ಆ ಪರೀಕ್ಷೆಯ ವಿಷಯವಲ್ಲ. ಆದ್ದರಿಂದ ಮಾನಕಕ್ಕೆ ಅನುಗುಣವಾಗಿದೆ ಎಂಬ ಮುದ್ರೆಯನ್ನು ಗ್ರಾಹಕರು ದೀರ್ಘ ಬಾಳಿಕೆಯ ಭರವಸೆ ಎಂದು ಭಾವಿಸತಕ್ಕದ್ದಲ್ಲ.

6. ಕಾರ್ಯಕ್ಷಮತೆ: ಕೆಲವು ತಪ್ಪು ಕಲ್ಪನೆಗಳು

ಕೈಯಿಂದ ತಿರುಗಿಸಿದಾಗ ಹೆಚ್ಚು ಹೊತ್ತು ಸುತ್ತುವ ಬಾಟಮ್ ಬ್ರಾಕೆಟ್ ಉತ್ತಮವೆಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. ರಬ್ಬರ್ ತುಟಿಯು ಬೇರಿಂಗ್‌ಗೆ ತಾಗಿಕೊಂಡಿರುವ ಸೀಲ್‌ಗಳು ಹೊಸದರಲ್ಲಿ ಸ್ವಲ್ಪ ಬಿಗಿಯಾಗಿ ತಿರುಗುತ್ತವೆ. ಆ ಬಿಗಿಯೇ ಧೂಳನ್ನು ತಡೆಯುತ್ತದೆ. ಸಲೀಸಾಗಿ ಸುತ್ತುವುದೆಂದರೆ ಎಷ್ಟೋ ಬಾರಿ ಸೀಲ್ ತಾಗುತ್ತಿಲ್ಲ ಅಥವಾ ಗ್ರೀಸ್ ಕಡಿಮೆಯಿದೆ ಎಂದರ್ಥ. ಸವಾರರ ಶಕ್ತಿಯ ಬಹುಪಾಲು ಗಾಳಿಯ ಪ್ರತಿರೋಧ, ಟೈರುಗಳು ಮತ್ತು ಏರುದಾರಿಯಲ್ಲಿ ವ್ಯಯವಾಗುತ್ತದೆ. ಸುಸ್ಥಿತಿಯಲ್ಲಿರುವ ಬಾಟಮ್ ಬ್ರಾಕೆಟ್‌ನ ಘರ್ಷಣೆ ಇವುಗಳ ಮುಂದೆ ಅತ್ಯಲ್ಪ. ಟೈರಿಗೆ ಸರಿಯಾದ ಗಾಳಿ ಮತ್ತು ಶುಚಿಯಾದ ಚೈನ್ ನೀಡುವಷ್ಟು ಲಾಭವನ್ನು ದುಬಾರಿ ಬೇರಿಂಗ್ ನೀಡಲಾರದು.

ಸೆರಾಮಿಕ್ ಬೇರಿಂಗ್ ಎಂದು ಮಾರಾಟವಾಗುವ ಬಹುತೇಕ ಉತ್ಪನ್ನಗಳಲ್ಲಿ ಗುಂಡುಗಳು ಮಾತ್ರ ಸಿಲಿಕಾನ್ ನೈಟ್ರೈಡ್‌ನವು. ಅವು ಉರುಳುವ ಬಳೆಗಳು ಉಕ್ಕಿನವೇ ಆಗಿರುತ್ತವೆ. ಆ ಗುಂಡುಗಳಿಗೆ ತುಕ್ಕು ಹಿಡಿಯುವುದಿಲ್ಲವಾದರೂ ಉಕ್ಕಿನ ಬಳೆಗಳಿಗೆ ಹಿಡಿಯುತ್ತದೆ. ಬೆಣಚಿನ ಧೂಳು ಸಹ ಆ ಬಳೆಗಳನ್ನು ಗೀರುತ್ತದೆ. ಪ್ರತಿದಿನ ಕೆಲಸಕ್ಕೆ ಹೋಗುವ ಸೈಕಲ್ಲಿಗೆ ಇಂತಹ ಹೆಚ್ಚುವರಿ ವೆಚ್ಚ ಅನಗತ್ಯ.

7. ಖರೀದಿ ಅಥವಾ ಬದಲಾವಣೆಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

(1) ಶೆಲ್ಲಿನ ಮಾದರಿ ಮತ್ತು ಅಗಲ: ಮರೆಯುಳ್ಳ ಮೌಂಟನ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಬಿ.ಎಸ್.ಎ. ಮರೆ ಇರುತ್ತದೆ. ಇದರ ವ್ಯಾಸ 1.37 ಅಂಗುಲ, ಪ್ರತಿ ಅಂಗುಲಕ್ಕೆ 24 ಎಳೆ. ಶೆಲ್ಲಿನ ಅಗಲ 68 ಮಿ.ಮೀ. ಅಥವಾ 73 ಮಿ.ಮೀ. ಆಗಿರುತ್ತದೆ. ಹೊಸ ಭಾಗ ಕೊಳ್ಳುವ ಮುನ್ನ ಅಗಲವನ್ನು ಅಳೆಸತಕ್ಕದ್ದು.

(2) ಆಕ್ಸಲ್‌ನ ಉದ್ದ: ಚೌಕ ಆಕ್ಸಲ್‌ನ ಕಾರ್ಟ್ರಿಜ್ ಕೊಳ್ಳುವಾಗ ಹಳೆಯ ಆಕ್ಸಲ್‌ನ ಉದ್ದವನ್ನೂ ಹೊಂದಿಸಬೇಕು. ಉದ್ದ ವ್ಯತ್ಯಾಸವಾದಲ್ಲಿ ಚೈನ್ ಓರೆಯಾಗಿ ಓಡುತ್ತದೆ, ಇಲ್ಲವೇ ಚೈನ್ ವೀಲ್ ಚೌಕಟ್ಟಿಗೆ ತಾಗುತ್ತದೆ.

(3) ಸೀಲ್: ಬಿಡಿ ಬೇರಿಂಗ್ ಕೊಳ್ಳುವಾಗ ಎರಡೂ ಬದಿಯಲ್ಲಿ ತಾಗುವ ರಬ್ಬರ್ ಸೀಲ್ ಇರುವುದನ್ನು ಆರಿಸತಕ್ಕದ್ದು. ಸಾಮಾನ್ಯವಾಗಿ ಇಂತಹ ಬೇರಿಂಗ್‌ಗಳ ಮೇಲೆ 2ಆರ್‌ಎಸ್ ಎಂಬ ಗುರುತು ಇರುತ್ತದೆ. ಜೆಡ್‌ಜೆಡ್ ಎಂಬ ಗುರುತಿನ ಬೇರಿಂಗ್‌ಗಳಲ್ಲಿ ಲೋಹದ ಮುಚ್ಚಳವಷ್ಟೇ ಇದ್ದು ನೀರನ್ನು ಪೂರ್ಣ ತಡೆಯುವುದಿಲ್ಲ.

(4) ಬಿಡಿಭಾಗದ ಲಭ್ಯತೆ: ಕನಕಪುರ ಅಥವಾ ರಾಮನಗರದ ಅಂಗಡಿಯಲ್ಲಿ ದೊರೆಯುವ ಮಾದರಿಯೇ ದಿನನಿತ್ಯದ ಬಳಕೆದಾರರಿಗೆ ಲೇಸು. ಭಾರತದ ಸೈಕಲ್ ಬಿಡಿಭಾಗಗಳ ತಯಾರಿಕೆಯ ಪ್ರಮುಖ ಕೇಂದ್ರ ಪಂಜಾಬಿನ ಲೂಧಿಯಾನ. ಅಲ್ಲಿ ಹೆಚ್ಚಾಗಿ ತಯಾರಾಗುವ ಸರಳ ಮಾದರಿಗಳು ಸಣ್ಣ ಪಟ್ಟಣಗಳಲ್ಲಿಯೂ ಸಿಗುತ್ತವೆ.

(5) ಬಿಲ್ಲು: ಭಾಗದ ಹೆಸರು, ಮಾದರಿ, ಬೆಲೆ ಮತ್ತು ದಿನಾಂಕ ನಮೂದಿಸಿದ ಬಿಲ್ಲನ್ನು ತಪ್ಪದೇ ಪಡೆಯತಕ್ಕದ್ದು. ಬೈಸಿಕಲ್ ಹಾಗೂ ಅದರ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ದರವನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಗಿದೆ.

ಬಳಕೆಗೆ ತಕ್ಕ ಆಯ್ಕೆ: ದಿನನಿತ್ಯ ಕೆಲಸಕ್ಕೆ ಹೋಗುವವರಿಗೆ ಮುಚ್ಚಿದ ಚೌಕ ಆಕ್ಸಲ್ ಕಾರ್ಟ್ರಿಜ್ ಸಾಕಾಗುತ್ತದೆ. ಬೆಟ್ಟದ ದಾರಿಗಳಲ್ಲಿ ಗಟ್ಟಿ ಸವಾರಿ ಮಾಡುವವರಿಗೆ ಮರೆಯುಳ್ಳ ಶೆಲ್ಲಿನ ಹೊರಬದಿಯ ಬೇರಿಂಗ್ ವಿಧ ಸೂಕ್ತ. ಸ್ವತಃ ಬಿಚ್ಚಿ ಜೋಡಿಸಬಲ್ಲವರಿಗೆ ಬಿಡಿ ಗುಂಡುಗಳ ಹಳೆಯ ವಿಧವೂ ಮಿತವ್ಯಯದ್ದೇ ಆಗಿದೆ.

8. ಅಳವಡಿಕೆ ಮತ್ತು ನಿರ್ವಹಣೆ

ಬಿ.ಎಸ್.ಎ. ಮರೆಯಲ್ಲಿ ಬಲಬದಿಯ ಕಪ್‌ಗೆ ಎಡಮರೆ ಇರುತ್ತದೆ. ಅದನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಿ ಬಿಗಿಯಬೇಕು. ಎಡಬದಿಯ ಕಪ್‌ಗೆ ಬಲಮರೆ ಇದ್ದು ಗಡಿಯಾರದ ಮುಳ್ಳಿನ ದಿಕ್ಕಿಗೆ ಬಿಗಿಯಬೇಕು. ಪೆಡಲ್ ತುಳಿಯುವಾಗ ಕಪ್ ತಾನಾಗಿ ಸಡಿಲವಾಗದಿರಲೆಂದು ಈ ವ್ಯವಸ್ಥೆ ಮಾಡಲಾಗಿದೆ. ಪೆಡಲ್‌ಗಳಲ್ಲಿ ಇದು ತಿರುವುಮುರುವಾಗಿದ್ದು, ಎಡ ಪೆಡಲ್‌ಗೆ ಎಡಮರೆ ಇರುತ್ತದೆ. ಈ ವ್ಯತ್ಯಾಸ ತಿಳಿಯದೆ ಬಲವಾಗಿ ತಿರುಗಿಸಿ ಚೌಕಟ್ಟಿನ ಮರೆಯನ್ನೇ ಕೆಡಿಸಿಕೊಂಡಲ್ಲಿ ದುರಸ್ತಿಯ ವೆಚ್ಚ ಹಲವು ಪಟ್ಟಾಗುತ್ತದೆ.

ಶಿಮಾನೋ ಮಾದರಿಗಳಿಗೆ ತಯಾರಕರು ಸೂಚಿಸುವ ಬಿಗಿತದ ಪ್ರಮಾಣ ಈ ಕೆಳಕಂಡಂತಿದೆ:

– ಮುಚ್ಚಿದ ಕಾರ್ಟ್ರಿಜ್‌ನ ಕಪ್: 50ರಿಂದ 70 ನ್ಯೂಟನ್ ಮೀಟರ್
– ಚೌಕ ಆಕ್ಸಲ್‌ನ ಕ್ರ್ಯಾಂಕ್ ಬೋಲ್ಟ್: 35ರಿಂದ 50 ನ್ಯೂಟನ್ ಮೀಟರ್
– ಹಾಲೋಟೆಕ್ 2ರ ಹೊರಬದಿಯ ಕಪ್: 35ರಿಂದ 50 ನ್ಯೂಟನ್ ಮೀಟರ್
– ಹಾಲೋಟೆಕ್ 2ರ ಎಡ ಕ್ರ್ಯಾಂಕಿನ ಎರಡು ಬೋಲ್ಟ್‌ಗಳು: 12ರಿಂದ 14 ನ್ಯೂಟನ್ ಮೀಟರ್
– ಅದೇ ಕ್ರ್ಯಾಂಕಿನ ಪ್ಲಾಸ್ಟಿಕ್ ಮುಚ್ಚಳ: 0.7ರಿಂದ 1.5 ನ್ಯೂಟನ್ ಮೀಟರ್

ಕೊನೆಯದು ಬೆರಳಿನಿಂದ ತಿರುಗಿಸುವಷ್ಟು ಕಡಿಮೆ ಬಲವಾಗಿದೆ. ಈ ಮುಚ್ಚಳವನ್ನು ಉಳಿದ ಬೋಲ್ಟ್‌ಗಳಂತೆ ಬಲವಾಗಿ ಬಿಗಿದಲ್ಲಿ ಬೇರಿಂಗ್ ಅಡ್ಡ ಒತ್ತಡಕ್ಕೆ ಸಿಲುಕಿ ಬೇಗ ಹಾಳಾಗುತ್ತದೆ.

ನಿರ್ವಹಣೆಯ ವೇಳಾಪಟ್ಟಿ:

(ಅ) ಮಳೆಗಾಲದ ಮುನ್ನ, ಮೇ ತಿಂಗಳಲ್ಲಿ: ಬಿಡಿ ಗುಂಡುಗಳ ವಿಧವನ್ನು ಪೂರ್ತಿ ಬಿಚ್ಚಿ, ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು, ಒಣಗಿಸಿ, ಹೊಸ ಗುಂಡುಗಳನ್ನು ಹಾಕಿಸುವುದು. ಅಂಗಡಿಗಳಲ್ಲಿ ಓವರಾಯಿಲಿಂಗ್ ಎಂದು ಕರೆಯುವುದು ಇದನ್ನೇ. ಹಳೆಯ ಗುಂಡುಗಳೊಂದಿಗೆ ಹೊಸ ಗುಂಡುಗಳನ್ನು ಬೆರೆಸತಕ್ಕದ್ದಲ್ಲ. ನೀರಿಗೆ ಕರಗದ ಕ್ಯಾಲ್ಸಿಯಂ ಆಧಾರಿತ ಗ್ರೀಸ್ ಬಳಸುವುದು ಉತ್ತಮ.

(ಆ) ಮಳೆಗಾಲದಲ್ಲಿ: ಸೀಟನ್ನು ಮುಚ್ಚಿ, ಸಾಧ್ಯವಾದಷ್ಟೂ ಸೂರಿನಡಿ ನಿಲ್ಲಿಸುವುದು. ಕೆಸರನ್ನು ಬಕೆಟ್ ನೀರು ಮತ್ತು ಬ್ರಷ್‌ನಿಂದ ತೊಳೆಯುವುದು.

(ಇ) ಮಳೆಗಾಲದ ನಂತರ, ಡಿಸೆಂಬರ್‌ನಲ್ಲಿ: ಸೀಟಿನ ಕಂಬವನ್ನು ಹೊರತೆಗೆದು ಸೈಕಲನ್ನು ತಲೆಕೆಳಗಾಗಿಸಿ ನೀರು ನಿಂತಿದೆಯೇ ಎಂದು ನೋಡುವುದು, ಶೆಲ್ಲಿನ ರಂಧ್ರವನ್ನು ಶುಚಿಗೊಳಿಸುವುದು.

(ಈ) ಕಪ್‌ನ ಮರೆಗೆ ಗ್ರೀಸ್ ಹಚ್ಚಿಯೇ ಅಳವಡಿಸುವುದು. ಒಣ ಮರೆಯು ತುಕ್ಕು ಹಿಡಿದು ಕಚ್ಚಿಕೊಂಡಲ್ಲಿ ಮುಂದೆ ಕಪ್ ತೆಗೆಯಲಾಗದ ಸ್ಥಿತಿ ಬರುತ್ತದೆ.

9. ದೋಷವನ್ನು ಗುರುತಿಸುವ ಕ್ರಮ

ಚೈನನ್ನು ಚೈನ್ ವೀಲ್‌ನಿಂದ ಕೆಳಗಿಳಿಸಿ ಕ್ರ್ಯಾಂಕನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಮರಳು ಅರೆದಂತೆ ಭಾಸವಾದಲ್ಲಿ ಬೇರಿಂಗ್‌ನೊಳಗೆ ಧೂಳು ಸೇರಿದೆ ಎಂದು ತಿಳಿಯಬೇಕು. ನಂತರ ಕ್ರ್ಯಾಂಕನ್ನು ಚೌಕಟ್ಟಿನ ಕಡೆಗೂ ಹೊರಗೂ ಅಲುಗಿಸಬೇಕು. ಎರಡೂ ಕ್ರ್ಯಾಂಕ್‌ಗಳು ಒಟ್ಟಿಗೆ ಅಲುಗಿದಲ್ಲಿ ದೋಷವು ಬಾಟಮ್ ಬ್ರಾಕೆಟ್‌ನಲ್ಲಿದೆ. ಒಂದೇ ಕ್ರ್ಯಾಂಕ್ ಅಲುಗಿದಲ್ಲಿ ಆ ಕ್ರ್ಯಾಂಕಿನ ಬೋಲ್ಟ್ ಅಥವಾ ಕಾಟರ್ ಪಿನ್ ಸಡಿಲವಾಗಿದೆ. ಸಡಿಲವಾದ ಚೌಕ ಕ್ರ್ಯಾಂಕಿನಲ್ಲಿಯೇ ಸವಾರಿ ಮುಂದುವರಿಸಿದಲ್ಲಿ ಅದರ ರಂಧ್ರ ಹಿಗ್ಗಿ, ಕ್ರ್ಯಾಂಕ್ ಕಳಚಿ ಬಿದ್ದು ಅಪಘಾತವಾಗುವ ಸಂಭವವಿದೆ.

ತುಳಿಯುವಾಗ ಬರುವ ಕಿರುಗುಟ್ಟುವ ಶಬ್ದವೆಲ್ಲವೂ ಬಾಟಮ್ ಬ್ರಾಕೆಟ್‌ನದ್ದಲ್ಲ. ಪೆಡಲ್, ಚೈನ್ ವೀಲ್‌ನ ಬೋಲ್ಟ್‌ಗಳು ಹಾಗೂ ಸೀಟಿನ ಕಂಬದಿಂದಲೂ ಇದೇ ಬಗೆಯ ಶಬ್ದ ಬರುತ್ತದೆ. ಸೀಟಿನಿಂದ ಎದ್ದು ತುಳಿದಾಗ ಶಬ್ದ ನಿಂತಲ್ಲಿ ಕಾರಣ ಸೀಟಿನ ಭಾಗದಲ್ಲಿದೆ. ಇವುಗಳನ್ನು ಒಂದೊಂದಾಗಿ ಪರಿಶೀಲಿಸಿದ ನಂತರವೇ ಹೊಸ ಬಾಟಮ್ ಬ್ರಾಕೆಟ್ ಕೊಳ್ಳುವುದು ಸೂಕ್ತ.

10. ದೋಷಪೂರಿತ ಭಾಗ ಮಾರಾಟವಾದಲ್ಲಿ ಪರಿಹಾರ ಪಡೆಯುವ ವಿಧಾನ

ಬಾಟಮ್ ಬ್ರಾಕೆಟ್ ಸವೆಯುವ ಭಾಗವೆಂಬ ಕಾರಣ ನೀಡಿ ವಾರಂಟಿ ನಿರಾಕರಿಸುವುದು ಸಾಮಾನ್ಯ. ಸಹಜ ಸವೆತಕ್ಕೆ ವಾರಂಟಿ ದೊರೆಯದಿರಬಹುದು. ಆದರೆ ತಯಾರಿಕೆಯ ಅಥವಾ ಅಳವಡಿಕೆಯ ದೋಷವನ್ನು ಸವೆತವೆಂದು ಹೇಳಲಾಗದು. ಖರೀದಿಸಿದ ಕೆಲವೇ ವಾರಗಳಲ್ಲಿ ಅಲುಗಾಟ ಬರುವುದು, ಶೆಲ್ಲಿನ ಮರೆ ಓರೆಯಾಗಿರುವುದು, ಒಂದರ ಹಿಂದೆ ಒಂದರಂತೆ ಹೊಸ ಬೇರಿಂಗ್‌ಗಳು ಒಂದೇ ಬದಿಯಲ್ಲಿ ಹಾಳಾಗುವುದು ಇವು ದೋಷದ ಲಕ್ಷಣಗಳು.

2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರನ್ವಯ ಬಿಲ್ಲು ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿಯಾಗಿದೆ. ದೋಷಪೂರಿತ ಸರಕನ್ನು ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅವಧಿ ನಮೂದಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆಯಲು ನಿರಾಕರಿಸುವುದೂ ಅಂತಹುದೇ ಪದ್ಧತಿಯಾಗಿದೆ.

ಅನುಸರಿಸಬೇಕಾದ ಹಂತಗಳು:

ಹಂತ 1: ಭಾಗವನ್ನು ಬೇರೆಡೆ ಬಿಚ್ಚಿಸದೆ, ಇರುವ ಸ್ಥಿತಿಯಲ್ಲಿಯೇ ಛಾಯಾಚಿತ್ರ ಅಥವಾ ವೀಡಿಯೊ ತೆಗೆದಿಡುವುದು. ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಿ, ಸೈಕಲ್ ಒಪ್ಪಿಸಿದಲ್ಲಿ ಜಾಬ್ ಕಾರ್ಡ್ ಪಡೆಯುವುದು.

ಹಂತ 2: ಅಂತರ್ಜಾಲದ ಮೂಲಕ ಖರೀದಿಸಿದ್ದಲ್ಲಿ ಸಂಬಂಧಿಸಿದ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು ನೀಡುವುದು. 2020ರ ಇ-ವಾಣಿಜ್ಯ ನಿಯಮಗಳಂತೆ ಅವರು 48 ಗಂಟೆಗಳೊಳಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ದೂರನ್ನು ಇತ್ಯರ್ಥಪಡಿಸತಕ್ಕದ್ದು.

ಹಂತ 3: ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುವುದು.

ಹಂತ 4: ಆನಂತರವೂ ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುವುದು. ಪಾವತಿಸಿದ ಮೌಲ್ಯವು 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ಸಲ್ಲಿಸಬಹುದಾಗಿದೆ.

ಲಗತ್ತಿಸಬೇಕಾದ ದಾಖಲೆಗಳು: ಖರೀದಿಯ ಬಿಲ್ಲು, ವಾರಂಟಿ ಪತ್ರ, ಮಾರಾಟಗಾರರೊಂದಿಗಿನ ಪತ್ರವ್ಯವಹಾರ, ಜಾಬ್ ಕಾರ್ಡ್, ಛಾಯಾಚಿತ್ರಗಳು ಮತ್ತು ಗುರುತಿನ ದಾಖಲೆ.

ಕಾಲಮಿತಿ: ವ್ಯಾಜ್ಯಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಎದುರುದಾರರಿಗೆ ನೋಟೀಸು ತಲುಪಿದ ದಿನಾಂಕದಿಂದ 3 ತಿಂಗಳೊಳಗೆ, ಸರಕಿನ ಪ್ರಯೋಗಾಲಯ ಪರೀಕ್ಷೆ ಅಗತ್ಯವಿದ್ದಲ್ಲಿ 5 ತಿಂಗಳೊಳಗೆ, ದೂರನ್ನು ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಅಧಿನಿಯಮವು ವಿಧಿಸುತ್ತದೆ. ಜಿಲ್ಲಾ ಆಯೋಗದ ಆದೇಶದ ವಿರುದ್ಧ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಾರಾಟಗಾರರು ಬೇರೆ ರಾಜ್ಯದಲ್ಲಿದ್ದಲ್ಲಿ ಅಲ್ಲಿಗೇ ಹೋಗಿ ದೂರು ಸಲ್ಲಿಸಬೇಕೇ?
ಉತ್ತರ: ಅಗತ್ಯವಿಲ್ಲ. ದೂರುದಾರರು ವಾಸಿಸುವ ಅಥವಾ ಸ್ವತಃ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೂ ದೂರು ಸಲ್ಲಿಸಬಹುದು. ಬೇರೆ ಜಿಲ್ಲೆಯಿಂದ ಬಂದು ಹಾರೋಹಳ್ಳಿಯಲ್ಲಿ ಕೆಲಸ ಮಾಡುವವರಿಗೂ ಇದು ಅನ್ವಯಿಸುತ್ತದೆ.

ಪ್ರಶ್ನೆ: ಹಾಲು, ದಿನಪತ್ರಿಕೆ ಇತ್ಯಾದಿ ವಿತರಣೆಗಾಗಿ ಕೊಂಡ ಸೈಕಲ್ಲಿಗೆ ಸಂಬಂಧಿಸಿ ದೂರು ನೀಡಬಹುದೇ?
ಉತ್ತರ: ವಾಣಿಜ್ಯ ಉದ್ದೇಶದ ಖರೀದಿಯು ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಸ್ವಯಂ ಉದ್ಯೋಗದ ಮೂಲಕ ಕೇವಲ ಜೀವನೋಪಾಯಕ್ಕಾಗಿ ಕೊಂಡು ಸ್ವತಃ ಬಳಸುವವರು ಗ್ರಾಹಕರೇ ಆಗಿರುತ್ತಾರೆ.

ಪ್ರಶ್ನೆ: ಬಾಟಮ್ ಬ್ರಾಕೆಟ್ ಎಷ್ಟು ಕಿಲೋಮೀಟರ್‌ಗೆ ಬದಲಾಯಿಸಬೇಕು?
ಉತ್ತರ: ಇದಕ್ಕೆ ಒಂದೇ ಸಂಖ್ಯೆ ಇಲ್ಲ. ಡಾಂಬರು ರಸ್ತೆಯಲ್ಲಿ ಹಲವು ವರ್ಷ ಬಾಳುವ ಭಾಗವು ಕೆಸರುದಾರಿಯಲ್ಲಿ ಒಂದೇ ಮಳೆಗಾಲದಲ್ಲಿ ಹಾಳಾಗಬಹುದು. ವರ್ಷಕ್ಕೆ ಎರಡು ಬಾರಿ ಮೇಲ್ಕಂಡ 9ನೇ ಭಾಗದಂತೆ ಪರೀಕ್ಷಿಸಿ ತೀರ್ಮಾನಿಸತಕ್ಕದ್ದು.

ಪ್ರಶ್ನೆ: ಮುಚ್ಚಿದ ಕಾರ್ಟ್ರಿಜ್‌ಗೆ ಹೊರಗಿನಿಂದ ಎಣ್ಣೆ ಬಿಡಬಹುದೇ?
ಉತ್ತರ: ಬಿಡಬಾರದು. ತೆಳು ಎಣ್ಣೆಯು ಒಳಗಿನ ಗ್ರೀಸನ್ನು ಕರಗಿಸುತ್ತದೆ. ಹೊರಗೆ ಉಳಿದ ಎಣ್ಣೆಯು ಧೂಳನ್ನು ಹಿಡಿದು ಸೀಲ್‌ನ ಬಳಿಗೆ ತರುತ್ತದೆ.

ಪ್ರಶ್ನೆ: ಹಳೆಯ ಸೈಕಲ್ಲಿನ ಬಿಡಿ ಗುಂಡುಗಳನ್ನು ತೆಗೆದು ಕಾರ್ಟ್ರಿಜ್ ಹಾಕಿಸಬಹುದೇ?
ಉತ್ತರ: ಶೆಲ್ಲಿನ ಮರೆ ಬಿ.ಎಸ್.ಎ. ಮಾದರಿಯದಾಗಿದ್ದು ಸುಸ್ಥಿತಿಯಲ್ಲಿದ್ದರೆ ಹಾಕಿಸಬಹುದು. ಆದರೆ ಕಾಟರ್ ಪಿನ್‌ನ ಕ್ರ್ಯಾಂಕ್ ಚೌಕ ಆಕ್ಸಲ್‌ಗೆ ಕೂರುವುದಿಲ್ಲ, ಕ್ರ್ಯಾಂಕ್‌ಗಳನ್ನೂ ಬದಲಾಯಿಸಬೇಕಾಗುತ್ತದೆ. ಒಟ್ಟು ವೆಚ್ಚವನ್ನು ಮುಂಚಿತವಾಗಿ ಕೇಳಿ ತಿಳಿಯುವುದು ಸೂಕ್ತ.

12. ಸೂಚನೆ

ಸೈಕಲ್ ಖರೀದಿಸಿದ ದಿನವೇ ಬಿಲ್ಲಿನ ಪ್ರತಿಯನ್ನು ಹಾಗೂ ಚೌಕಟ್ಟಿನ ಸಂಖ್ಯೆಯನ್ನು ಜೋಪಾನವಾಗಿರಿಸತಕ್ಕದ್ದು. ಚೌಕಟ್ಟಿನ ಸಂಖ್ಯೆಯು ಹೆಚ್ಚಿನ ಸೈಕಲ್‌ಗಳಲ್ಲಿ ಬಾಟಮ್ ಬ್ರಾಕೆಟ್ ಶೆಲ್ಲಿನ ಅಡಿಭಾಗದಲ್ಲಿಯೇ ಒತ್ತಿರುತ್ತದೆ. ಅದನ್ನು ಓದಲು ಸೈಕಲನ್ನು ತಲೆಕೆಳಗಾಗಿಸಿದಾಗ ನೀರು ಹೊರಹೋಗುವ ರಂಧ್ರ ತೆರೆದಿದೆಯೇ ಎಂಬುದನ್ನೂ ಪರಿಶೀಲಿಸಬಹುದಾಗಿದೆ.